ಗಂಟಲಪಟ್ಟಿ

ವಿಜ್ಞಾನದ ಪ್ರಾಜೆಕ್ಟ್ ಒಂದು, ಸಮಾಜ ವಿಜ್ಞಾನದ ಪ್ರಾಜೆಕ್ಟ್ ಒಂದು. ಎರಡೂ ಮುಗಿದ ಮೇಲೆ ‘ಇವುಗಳಿಂದ ನಾನು ಏನು ಕಲಿತೆ’ ಎಂದು ಬರೆದುಕೊಡಬೇಕು. ಹತ್ತನೇ ತರಗತಿಯ ಎಲ್ಲರೂ ಕೊಟ್ಟಾಯಿತು. ನನ್ನ ಜೊತೆಗಾರ ತಿಪ್ಪೇಶ ‘ಸಹಕಾರ ಮನೋಭಾವ ಮತ್ತು ಸಮಯಪಾಲನೆ ಕಲಿತೆ’ ಎಂದು ಬರೆದಿದ್ದಾನೆ. ಪ್ರಾಜೆಕ್ಟ್ ನಡೆದಷ್ಟು ದಿನವೂ ಅವನು ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ನೋಡಿಲ್ಲ. ನನ್ನದು ಮಾತ್ರ ಬಾಕಿ ಇದೆ. ಇದನ್ನು ಕಡೆಗೆ ಓದುವವರು ಯಾರು ಎಂಬುದು ನನ್ನ ಮೊದಲ ಸಂಶಯ. ನಮ್ಮ ಸರ್ ಓದುತ್ತಾರೋ, ಅಥವಾ ಶಾಲೆಗೆ ಗಂಟಲಪಟ್ಟಿಗಳನ್ನು ಪುಕ್ಕಟೆ ಹಂಚಿದ ಕಂಪನಿಯವರು ಓದುತ್ತಾರೋ?

ಪುಕ್ಕಟೆ ಬಂದದ್ದನ್ನು ತಿರುಗಿಸಿ ಮುರುಗಿಸಿ ನೋಡದೆ ಬಿಡುವವಳು ನಾನಲ್ಲ. ಸೋಪಿನ ಜೊತೆ ಬಾಚಣಿಗೆ ಉಚಿತ ಎಂದರೆ ಸೋಪು ಚಿಕ್ಕದಾಗಿದೆಯೇ ಎಂದು ಮೊದಲು ನೋಡುತ್ತೇನೆ. ಅಪ್ಪ ನನ್ನನ್ನು ಸಿಂಚನಾ ಎಂದು ಕರೆದದ್ದು ಕಡಿಮೆ. ಶಾಲೆಯಿಂದ ಮನೆಯೊಳಗೆ ಕಾಲಿಟ್ಟರೆ ‘ಬಂದ್ಲು ನೋಡ ನಮ್ಮ ಸಿಐಡಿ’ ಎನ್ನುತ್ತಿದ್ದ. ಅಪ್ಪ ಈಗ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಉಪಕರಣದ ವಿವರಣೆ. ಮೆತ್ತನೆಯ ರಬ್ಬರಿನ ಪಟ್ಟಿಯನ್ನು ಗಂಟಲಿಗೆ ಸುತ್ತಬೇಕು. ಹಣೆಗೆ ಹಚ್ಚುವ ಟಿಕಳಿಯಷ್ಟು ಅಗಲದ ಒಂದು ಬಿಲ್ಲೆಯನ್ನು ಕಣ್ಣಿನ ಪಕ್ಕ ಅಂಟಿಸಬೇಕು. ಮನುಷ್ಯ ತಾನು ಕಣ್ಣಾರೆ ಕಂಡದ್ದನ್ನು ನೆನಪಿಸಿಕೊಂಡು ಹೇಳುವಾಗ ತಲೆಯಲ್ಲಿ ಮೊದಲು ಚಿತ್ರ ಏಳುತ್ತದೆ, ಆಮೇಲೆ ಅವನು ಅದಕ್ಕೆ ಮಾತು ಹುಡುಕುತ್ತಾನೆ. ಚಿತ್ರ ಎದ್ದ ಕ್ಷಣ ಕಣ್ಣಿನ ಸ್ನಾಯು ನಮಗೆ ತಿಳಿಯದಷ್ಟು ಸಣ್ಣಗೆ ಅದುರುತ್ತದೆ. ಬೇರೆಯವರಿಂದ ಕೇಳಿದ್ದನ್ನು ಹೇಳುವಾಗ ಮಾತು ಮೊದಲೇ ತಯಾರಾಗಿ ಗಂಟಲಿಗೆ ಬಂದು ನಿಂತಿರುತ್ತದೆ, ಕಣ್ಣು ಹಿಂದೆ ಬೀಳುತ್ತದೆ. ಪಟ್ಟಿ ಅಳೆಯುವುದು ಇಷ್ಟನ್ನೇ: ಕಣ್ಣು ಮೊದಲೋ, ಗಂಟಲು ಮೊದಲೋ. ಕಣ್ಣು ಮೊದಲಾದರೆ ಹಸಿರು ದೀಪ, ಅಂದರೆ ಕಂಡದ್ದು. ಗಂಟಲು ಮೊದಲಾದರೆ ಹಳದಿ ದೀಪ, ಅಂದರೆ ಕೇಳಿದ್ದು, ಇಲ್ಲವೇ ಕಟ್ಟಿದ್ದು.

ವಿಜ್ಞಾನದ ಇನಾಮದಾರ್ ಸರ್ ಲ್ಯಾಬಿನಲ್ಲಿ ಪಟ್ಟಿಯನ್ನು ಮೊದಲು ತೋರಿಸಿದ ದಿನ ತಿಪ್ಪೇಶನೇ ಮುಂದೆ ಹೋಗಿ ಕುತ್ತಿಗೆ ಕೊಟ್ಟ. ಕದರಮಂಡಲಗಿ ರಸ್ತೆಯಲ್ಲಿ ಚಿರತೆ ನೋಡಿದೆ ಎಂದು ಅವನು ಆರನೇ ತರಗತಿಯಿಂದ ಹೇಳಿಕೊಂಡು ಬಂದಿದ್ದ. ‘ಇಷ್ಟುದ್ದ ಬಾಲ ಇತ್ರಿ ಸರ್’ ಎನ್ನುವಷ್ಟರಲ್ಲಿ ಹಳದಿ ದೀಪ ಹತ್ತಿತು. ಇಡೀ ಕ್ಲಾಸು ಬೆಂಚು ಬಡಿಯಿತು. ‘ಚಾರ್ಜ್ ಇಲ್ಲೇನೋ ನೋಡ್ರಿ ಸರ್’ ಎಂದ ಅವನು.

ಊರು ಇದಕ್ಕೆ ಒಗ್ಗಿಕೊಂಡ ರೀತಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕೋರ್ಟು ಗಂಟಲಪಟ್ಟಿಯನ್ನು ಒಪ್ಪಿಕೊಂಡ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ದಲಾಲರು ಒಂದೊಂದು ಇಟ್ಟುಕೊಂಡರು. ‘ಚೀಲ ಬಿಚ್ಚಿ ನೋಡೀನಿ’ ಎಂದವನ ಗಂಟಲಿಗೆ ಮೊದಲು ಪಟ್ಟಿ, ಆಮೇಲೆ ವ್ಯಾಪಾರ. ಕನ್ಯಾ ನೋಡಲು ಬಂದವರೂ ಬ್ಯಾಗಿನಲ್ಲಿ ಪಟ್ಟಿ ತಂದರು. ನಲ್ಲಿಯ ಹತ್ತಿರ ಜಗಳ ಆಡುವ ಹೆಂಗಸರು ಕೂಡ ‘ನಾ ಕಂಡಿಲ್ಲವಾ, ಕೇಳೀನಿ ಅಷ್ಟ’ ಎಂದು ಮೊದಲೇ ಹೇಳಿ ಆಮೇಲೆ ಚಾಡಿ ಶುರುಮಾಡುತ್ತಿದ್ದರು. ಹಳದಿ ಎಂಬುದು ಬೈಗುಳವೇ ಆಯಿತು. ‘ನಿಮ್ಮ ಮನಿತನಾನ ಹಳದಿ’ ಎಂದರೆ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗುತ್ತಿತ್ತು.

ಈಗ ಮನೆಯ ವಿಷಯ. ಅಪ್ಪ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮಷಿನ್ ಆಪರೇಟರ್ ಆಗಿದ್ದ. ಅವ್ವ ಅಲ್ಲಿಯೇ ಹಿಂದಿನ ಅಂಗಳದಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಹೋದ ಸುಗ್ಗಿಯಲ್ಲಿ, ಚೀಲಗಳು ಸೂರು ಮುಟ್ಟುವಂತೆ ತುಂಬಿದ್ದ ದಿನಗಳಲ್ಲಿ, ತಂಪು ಮಾಡುವ ಯಂತ್ರದ ಪೈಪು ಒಡೆದು ಅಮೋನಿಯಾ ಸೋರಿತು. ಅಪ್ಪ ಸತ್ತ. ಜೊತೆಗೆ ಚೀಲ ಹೊರುವ ಮಾಲತೇಶನೂ ಸತ್ತ. ಮಾಲತೇಶ ನಮ್ಮ ಓಣಿಯ ಶರಣವ್ವನ ಒಬ್ಬನೇ ಮಗ. ಅವಳನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ, ಅವಳ ಮನೆಯ ರೊಟ್ಟಿ ತಿಂದು ಬೆಳೆದವಳು ನಾನು.

ಅವ್ವ ಹೇಳುವುದು ಇದು. ಕಾಯಿ ಕಳುವಾಗುತ್ತದೆ ಎಂದು ಮ್ಯಾನೇಜರು ಹಿಂದಿನ ಜಾಲರಿ ಬಾಗಿಲಿಗೆ ಹೊರಗಿನಿಂದ ಸರಪಳಿ ಸುತ್ತಿಸಿ ಕೀಲಿ, ಅಂದರೆ ಬೀಗ, ಹಾಕಿಸಿದ್ದ. ಗ್ಯಾಸು ಮುಂಬಾಗಿಲ ಕಡೆಯೇ ತುಂಬಿಕೊಂಡಿದ್ದರಿಂದ ಒಳಗಿದ್ದವರಿಗೆ ಬೇರೆ ದಾರಿ ಇರಲಿಲ್ಲ. ಅಪ್ಪ ಜಾಲರಿಯ ತನಕ ಬಂದ, ಸರಪಳಿ ನೋಡಿದ, ವಾಲ್ವ್ ಬಂದ್ ಮಾಡಲು ಹಿಂದಿರುಗಿ ಹೋದ. ಪೊಲೀಸರು ಬರುವಷ್ಟರಲ್ಲಿ ಸರಪಳಿಯೂ ಕೀಲಿಯೂ ಅಲ್ಲಿ ಇರಲಿಲ್ಲ. ಮ್ಯಾನೇಜರು ಹೇಳುವುದು ಇಷ್ಟೇ: ‘ಅವನ ಕೈ ವಾಲ್ವಿನ ಮ್ಯಾಲಿತ್ತು, ನಾ ಕಿಡಕಿಯಿಂದ ನೋಡೀನಿ.’ ಅಂದರೆ ಅಪ್ಪನೇ ವಾಲ್ವ್ ತಪ್ಪು ತಿರುಗಿಸಿ ತಾನೂ ಸತ್ತ, ಮಾಲತೇಶನನ್ನೂ ಕೊಂದ ಎಂದು ಕೇಳಿದವರು ತಿಳಿದುಕೊಳ್ಳಬೇಕು. ತಿಳಿದುಕೊಂಡರು ಕೂಡ. ಶರಣವ್ವ ನಮ್ಮ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸತೊಡಗಿದಳು. ವಿಚಾರಣೆಗೆ ಅಧಿಕಾರಿ ಬರುವವರಿದ್ದರು, ಗಂಟಲಪಟ್ಟಿಯೂ ಬರುವುದಿತ್ತು. ಮ್ಯಾನೇಜರಿಗೆ ಅವನ ವಕೀಲ ಯಾರ ಮುಂದೆಯೂ ತುಟಿ ಬಿಚ್ಚಬೇಡ ಎಂದಿದ್ದನಂತೆ. ಆ ಒಂದು ಮಾತು ಬಿಟ್ಟರೆ ಅವನು ಗಪ್‌ಚಿಪ್ ಆಗಿದ್ದ.

ನಮ್ಮ ಮನೆಯಲ್ಲಿ ಗಪ್‌ಚಿಪ್ ಇರುವುದು ಸಾಧ್ಯವೇ ಇರಲಿಲ್ಲ. ಸತ್ತವರ ಮನೆಗೆ ಮಾತಾಡಿಸಲು ಬರುವುದು ನಮ್ಮ ಕಡೆಯ ಪದ್ಧತಿ. ಬಂದವರು ಬಾಗಿಲಲ್ಲೇ ದನಿ ತೆಗೆದು ಅಳುತ್ತಾರೆ, ಕೂಡುತ್ತಾರೆ, ನೀರು ಕುಡಿಯುತ್ತಾರೆ, ಆಮೇಲೆ ‘ಹೆಂಗಾತವಾ ರತ್ನವ್ವ?’ ಎನ್ನುತ್ತಾರೆ. ಮೊದಲಿನಿಂದ ಕಡೆಯವರೆಗೆ ಹೇಳಲೇಬೇಕು. ಹೇಳದಿದ್ದರೆ ಬಂದವರಿಗೆ ಅವಮಾನ, ಸತ್ತವರಿಗೂ ಅವಮಾನ. ಮೋಟೆಬೆನ್ನೂರಿನಿಂದ ಬಂದರು, ಹಾನಗಲ್ಲಿನಿಂದ ಬಂದರು, ಅಪ್ಪನ ಮುಖವನ್ನೇ ನೋಡದ ದೂರದ ಬೀಗರು ಟೆಂಪೋ ಮಾಡಿಕೊಂಡು ಬಂದರು. ಅವ್ವ ಪ್ರತಿ ಸಲವೂ ಹೇಳಿದಳು. ‘ಕಡೀಗೆ ಏನಂದ್ರು?’ ಎಂದು ಎಲ್ಲರೂ ಕೇಳುತ್ತಿದ್ದರು. ‘ಸಿಂಚೂನ ಚೊಲೋ ಓದಸು ಅಂದ್ರು’ ಎನ್ನುವಲ್ಲಿ ಅವ್ವನ ದನಿ ಒಡೆಯುತ್ತಿತ್ತು, ಬಂದವರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಒಲೆಯ ಮುಂದೆ ಚಹಾ ಕಾಸುತ್ತಾ ಕೇಳಿ ಕೇಳಿ ಇಡೀ ಕಥೆ ನನಗೆ ಬಾಯಿಪಾಠವಾಗಿತ್ತು.

ಸಮಾಜ ವಿಜ್ಞಾನದ ಗೌಸಿಯಾ ಟೀಚರ್ ‘ಊರಿನ ಒಂದು ಘಟನೆ, ಕಂಡವರ ಬಾಯಿಂದ’ ಎಂಬ ಪ್ರಾಜೆಕ್ಟ್ ಕೊಟ್ಟಾಗ ನಾನು ಅವ್ವನನ್ನೇ ಆರಿಸಿಕೊಂಡೆ. ಇದರಲ್ಲಿ ನನ್ನದೊಂದು ಲೆಕ್ಕಾಚಾರವಿತ್ತು. ಶಾಲೆಯ ಪಟ್ಟಿಯನ್ನು ಮನೆಗೆ ತಂದು ಅವ್ವನಿಗೆ ಕಟ್ಟಿ ಅಭ್ಯಾಸ ಮಾಡಿಸಿದರೆ ವಿಚಾರಣೆಯ ದಿನ ಅವಳು ಗಾಬರಿಯಾಗುವುದಿಲ್ಲ. ಒಂದೇ ಕೆಲಸದಲ್ಲಿ ಎರಡು ಪ್ರಾಜೆಕ್ಟ್, ಅಪ್ಪನ ಹೆಸರೂ ಉಳಿಯುತ್ತದೆ.

ರವಿವಾರ ಬೆಳಿಗ್ಗೆ ಅವ್ವನ ತಲೆ ಬಾಚಿ, ಕಣ್ಣಿನ ಪಕ್ಕ ಬಿಲ್ಲೆ ಅಂಟಿಸಿದೆ.

‘ಇದೇನ ಬಿಗಿ ಆತಲ್ಲ’ ಎಂದಳು.

‘ಸುಮ್ನ ಕೂಡು. ದಿನಾ ಹೇಳ್ತಿಯಲ್ಲ, ಹಂಗ ಹೇಳು.’

ಅವ್ವ ಹೇಳಿದಳು. ಅದೇ ಮಾತು, ಅದೇ ಕಡೆ ನಿಲ್ಲುವುದು, ಅದೇ ಕಡೆ ಸೆರಗು ಕಣ್ಣಿಗೆ ಹೋಗುವುದು. ದೀಪ ಹಳದಿ. ಸರಪಳಿಯ ಮಾತಿಗೂ ಹಳದಿ, ಜಾಲರಿಯ ಮಾತಿಗೂ ಹಳದಿ. ಬಿಲ್ಲೆ ಕಿತ್ತು ಒರೆಸಿ ಮತ್ತೆ ಅಂಟಿಸಿದೆ. ಮತ್ತೂ ಹಳದಿಯೇ. ‘ಬೆಳಿಗ್ಗೆ ಹಾಲು ತರಾಕ ಹೋದಾಗ ಏನ್ ನೋಡ್ದಿ?’ ಎಂದು ಕೇಳಿದೆ. ‘ಆ ಕರೀ ನಾಯಿ ಮರಿ ಹಾಕೇತಿ’ ಎಂದಳು. ದೀಪ ಝಗ್ ಎಂದು ಹಸಿರಾಯಿತು. ಪಟ್ಟಿ ಕೆಟ್ಟಿರಲಿಲ್ಲ.

‘ಏನಾತು?’ ಎಂದಳು ಅವ್ವ.

‘ಏನಿಲ್ಲ’ ಎಂದೆ.

ಏನಿಲ್ಲ ಎಂದವಳಿಗೆ ಅವತ್ತಿನಿಂದ ಊಟ ಸೇರಲಿಲ್ಲ. ಅವ್ವ ಅಲ್ಲಿ ಇರಲೇ ಇಲ್ಲವೇ? ಗ್ಯಾಸಿನ ವಾಸನೆಗೆ ಎಲ್ಲರಂತೆ ಓಡಿಹೋಗಿ, ಆಮೇಲೆ ಯಾರೋ ಹೇಳಿದ್ದನ್ನು ತನ್ನದೆಂದು ಹೇಳುತ್ತಿದ್ದಾಳೆಯೇ? ಸರಪಳಿ ನಿಜವಾಗಿ ಇತ್ತೇ? ಒಂದು ವೇಳೆ ಮ್ಯಾನೇಜರು ಹೇಳುವುದೇ ನಿಜವಾಗಿದ್ದರೆ? ಅಪ್ಪನ ಕೈ ತಪ್ಪಿದ್ದರೆ? ಅವ್ವ ರೊಟ್ಟಿ ಬಡಿಯುವಾಗ ಅವಳ ಬೆನ್ನನ್ನೇ ನೋಡುತ್ತಾ ಕೂಡುತ್ತಿದ್ದೆ. ಒಮ್ಮೆ ಸಂಶಯದ ಬಾಗಿಲು ತೆರೆದರೆ ಸ್ವಂತ ತಾಯಿಯ ಬೆನ್ನು ಕೂಡ ಏನೋ ಮುಚ್ಚಿಡುತ್ತಿರುವಂತೆ ಕಾಣುತ್ತದೆ. ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿತ್ತು, ಆದರೂ ನೋಡುವುದನ್ನು ಬಿಡಲಿಲ್ಲ.

ಅವ್ವನ ಜೊತೆ ಕೆಲಸಕ್ಕೆ ಹೋಗುವ ನೀಲವ್ವನನ್ನು ಸಂತೆಯಲ್ಲಿ ಹಿಡಿದು ಕೇಳಿದೆ. ‘ನಾವೆಲ್ಲಾ ಗೇಟಿನ ಕಡೆ ಓಡಿದ್ವಿ ತಂಗಿ. ನಿಮ್ಮವ್ವ ಎಲ್ಲಿದ್ಲೋ ಯಾರ್ಗೆ ಗೊತ್ತು, ಕಣ್ಣ ಉರೀತಿದ್ವು’ ಎಂದಳು ಅವಳು. ನಾನು ಕೇಳಿದ್ದು ಅವತ್ತೇ ಸಂಜೆ ಅವ್ವನ ಕಿವಿಗೂ ಮುಟ್ಟಿತು.

‘ನನ್ನ ಬೆನ್ನ ಹಿಂದ ವಿಚಾರಣೆ ನಡಸೀಯೇನ?’ ಅವ್ವ ಮೊರದಿಂದ ಜೋಳ ಕೇರುವುದನ್ನು ನಿಲ್ಲಿಸಿದಳು.

‘ಪಟ್ಟಿ ಹಳದಿ ತೋರಸ್ತೈತಿ. ನೀ ಅಲ್ಲೆ ಇದ್ದಿ ಹೌದಿಲ್ಲೋ, ಖರೇ ಹೇಳು.’

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನೀನೂ ಹಂಗ ಅಂತೀ?’ ಎಂದು ಮೊರವನ್ನು ಗೋಡೆಗೆ ಆನಿಸಿ ಎದ್ದು ಹೋದಳು. ಆಮೇಲೆ ನಮ್ಮ ನಡುವೆ ‘ಉಣ್ಣು’, ‘ಸಾಕು’ ಬಿಟ್ಟರೆ ಮಾತಿಲ್ಲ.

ಲ್ಯಾಬಿನಲ್ಲಿ ನಮ್ಮ ವಿಜ್ಞಾನದ ಪ್ರಾಜೆಕ್ಟ್ ‘ಉಪಕರಣದ ನಿಖರತೆ ಪರೀಕ್ಷೆ’. ಗೊತ್ತಿದ್ದ ನಿಜಗಳನ್ನು ಹೇಳಿಸಿ ದೀಪ ನೋಡಿ ಬರೆದುಕೊಳ್ಳುವುದಷ್ಟೇ ಕೆಲಸ. ತಿಪ್ಪೇಶ ತಾನು ಎಂಟನೇ ತರಗತಿಯಲ್ಲಿ ಶಾಲೆಯ ಕಂಪೌಂಡಿನಿಂದ ಬಿದ್ದ ಕಥೆ ಹೇಳಿದ. ಅದು ನಿಜ. ಬಿದ್ದದ್ದನ್ನು ನಾನೇ ನೋಡಿದ್ದೇನೆ, ಅವನ ಗದ್ದದ ಮೇಲೆ ಹೊಲಿಗೆಯ ಗುರುತು ಈಗಲೂ ಇದೆ. ದೀಪ ಹಳದಿಯಾಯಿತು.

‘ನೋಡ್ರಲೇ, ನಾ ಬಿದ್ದದ್ದೂ ಸುಳ್ಳಂತ!’ ಎಂದು ಅವನು ಎಲ್ಲರಿಗೂ ಗದ್ದ ತೋರಿಸುತ್ತಾ ಹೊರಟ. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಅವನನ್ನು ತಿರುಗಿ ಸ್ಟೂಲಿನ ಮೇಲೆ ಕೂಡಿಸಿ, ‘ಇದನ್ನ ಎಷ್ಟ ಮಂದಿಗೆ ಹೇಳಿದಿ?’ ಎಂದು ಕೇಳಿದೆ.

‘ಯಾರ್ಗೆ ಹೇಳಿಲ್ಲ ಅಂತ ಕೇಳು. ಬಸ್ಸಿನ್ಯಾಗ ಪಕ್ಕಕ್ಕ ಕುಂತವರಿಗೂ ಹೇಳೀನಿ.’

ಆಗ ನನ್ನ ತಲೆಯಲ್ಲಿ ಏನೋ ಕದಲಿತು. ಅವತ್ತು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮೈದಾನಕ್ಕೆ ಒಂದು ಹೋರಿ ನುಗ್ಗಿ ಹೆಡ್ಮಾಸ್ತರ ಕುರ್ಚಿ ಕೆಡವಿತ್ತು. ನಾನು ಪಟ್ಟಿ ಕಟ್ಟಿಕೊಂಡು ಅದನ್ನು ಹೇಳಿದೆ. ಹಸಿರು. ಎರಡನೆಯ ಸಲ ಹೇಳಿದೆ, ಹಸಿರು. ಹೇಳುತ್ತಲೇ ಹೋದೆ. ಲ್ಯಾಬಿಗೆ ಬಂದ ಒಂಬತ್ತನೇ ತರಗತಿಯವರಿಗೆ ಹೇಳಿದೆ, ಜವಾನನಿಗೆ ಹೇಳಿದೆ, ಬಿಸಿಯೂಟದ ಅಕ್ಕನಿಗೆ ಹೇಳಿದೆ. ಹೇಳಿದಂತೆಲ್ಲ ಕಥೆ ಚಂದವಾಗುತ್ತಿತ್ತು, ಎಲ್ಲಿ ನಿಂತರೆ ನಗುತ್ತಾರೆ ಎಂಬುದು ನನಗೇ ಗೊತ್ತಾಗತೊಡಗಿತು. ಮಧ್ಯಾಹ್ನದ ಕೊನೆಯ ಪಿರಿಯಡ್ಡಿನಲ್ಲಿ ‘ಹೋರಿ ಕೊಂಬ ಅಲ್ಲಾಡಸ್ತಾ ಬಂತು’ ಎನ್ನುತ್ತಿದ್ದಂತೆ ಹಳದಿ ದೀಪ ಹತ್ತಿತು. ಹೋರಿ ಹಾಯ್ದದ್ದು ಸುಳ್ಳಾಗಿರಲಿಲ್ಲ. ನಾನು ಈಗ ಹೋರಿಯನ್ನು ನೋಡಿಕೊಂಡು ಹೇಳುತ್ತಿರಲಿಲ್ಲ, ನನ್ನದೇ ಕಥೆಯನ್ನು ಕೇಳಿಕೊಂಡು ಹೇಳುತ್ತಿದ್ದೆ.

ಇನಾಮದಾರ್ ಸರ್ ಮೊದಲು ನಂಬಲಿಲ್ಲ. ‘ಬಿಲ್ಲೆ ಸರಿಯಾಗಿ ಹತ್ತಿಲ್ಲ’ ಎಂದರು. ನಾನು ಬಿಡಲಿಲ್ಲ. ಅವರನ್ನೇ ಕೂಡಿಸಿ, ಮನೆಯಿಂದ ಬರುವಾಗ ಅವರು ಕಂಡ ಸ್ಕೂಟರ್ ಅಪಘಾತವನ್ನು ಹೇಳಿಸಿದೆವು. ಮರುದಿನವೂ ಹೇಳಿಸಿದೆವು, ಸಾಕ್ರೋ ಎನ್ನುವವರೆಗೆ ಹೇಳಿಸಿದೆವು. ಅವರ ಹಸಿರೂ ಹಳದಿಗೆ ತಿರುಗಿತು. ಸರ್ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು.

‘ಕಂಪನಿ ಟ್ರೇನಿಂಗ್‌ನ್ಯಾಗ ಒಂದ್ ಮಾತ ಹೇಳಿದ್ರು’ ಎಂದರು. ‘ಯಾವಾಗಲೂ ಮೊದಲನೇ ಸಲ ಹೇಳೋದನ್ನ ಅಳೀರಿ, ರಿಸಲ್ಟ್ ಚೊಲೋ ಬರ್ತೈತಿ ಅಂತ. ಯಾಕ ಅಂತ ನಾ ಕೇಳಲಿಲ್ಲ.’

‘ನಾ ಇದ್ದಿದ್ರ ಕೇಳತಿದ್ದೆ ಸರ್’ ಎಂದೆ. ಅವರು ಸಿಟ್ಟಾಗಲಿಲ್ಲ.

ಅಂದರೆ ಅವ್ವ ಅಲ್ಲಿ ಇದ್ದಳು, ಕಂಡಿದ್ದಳು. ಮಾತಾಡಿಸಲು ಬಂದವರೆಲ್ಲ ಒಬ್ಬೊಬ್ಬರಾಗಿ ಅವಳು ಕಂಡದ್ದನ್ನು ಸವೆಸಿ ಹೋಗಿದ್ದರು. ಮ್ಯಾನೇಜರು ಬಾಯಿ ಬಿಡದೆ ತನ್ನದನ್ನು ಹಸಿಯಾಗಿ ಕಾಪಾಡಿಕೊಂಡಿದ್ದ. ಅಪ್ಪನ ಕೈ ವಾಲ್ವಿನ ಮೇಲಿದ್ದದ್ದು ನಿಜವೇ, ಬಂದ್ ಮಾಡಲು ಹೋದವನ ಕೈ ಮತ್ತೆಲ್ಲಿ ಇರುತ್ತದೆ? ಅವನಿಗೆ ಹಸಿರು ಬರುತ್ತದೆ, ಅವ್ವನಿಗೆ ಹಳದಿ. ಅತ್ತು ಹೇಳಿಕೊಂಡವರು ಸುಳ್ಳರಾಗುತ್ತಾರೆ, ವಕೀಲನ ಮಾತು ಕೇಳಿದವನು ಸತ್ಯವಂತನಾಗುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ಅವತ್ತು ಮನೆಗೆ ಹೋಗಿ ಅವ್ವನ ಮುಂದೆ ನಿಂತು ‘ತಪ್ಪಾತು’ ಎಂದೆ. ‘ರೊಟ್ಟಿ ಆರ್ತೈತಿ, ಉಣ್ಣು’ ಎಂದಳು. ಪೂರ್ತಿ ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ.

ಇನಾಮದಾರ್ ಸರ್ ನಮ್ಮ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ವಿಚಾರಣಾಧಿಕಾರಿಯ ಹತ್ತಿರ ಹೋಗಿ ಬಂದರು. ‘ಹೈಸ್ಕೂಲ್ ಮಕ್ಕಳ ಪ್ರಾಜೆಕ್ಟ್ ನೋಡಿ ನಾ ನಿಯಮ ಬದಲಿ ಮಾಡಾಕ ಬರೂದಿಲ್ಲ’ ಎಂದರಂತೆ ಅಧಿಕಾರಿ. ಎಂದಿನಂತೆ ನನಗೆ ಅವರ ಮೇಲೂ ಸಂಶಯ ಬಂತು, ಮ್ಯಾನೇಜರು ಅವರನ್ನೂ ಕಂಡು ಬಂದಿರಬಹುದೇ ಎಂದು. ಸ್ಟಾಫ್‌ರೂಮಿನ ಮೂಲೆಯಲ್ಲಿ ಪೇಪರ್ ತಿದ್ದುತ್ತಿದ್ದ ಗೌಸಿಯಾ ಟೀಚರ್ ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟರು.

‘ನಿಮ್ಮವ್ವ ಎಲ್ಲಾರಿಗೂ ಹೇಳಿದ್ದು ಜನ ಕೇಳಿದ್ದಕ್ಕ ಉತ್ತರ’ ಎಂದರು. ‘ಹೆಂಗಾತು, ಕಡೀಗೆ ಏನಂದ್ರು, ಎಲ್ಲಾರೂ ಅದನ್ನ ಕೇಳ್ತಾರ. ಯಾರೂ ಕೇಳದೇ ಬಿಟ್ಟದ್ದು, ಆಕಿ ತಾನಾಗಿ ಹೇಳದೇ ಉಳಿಸ್ಕೊಂಡದ್ದು, ಏನರ ಇದ್ದೇ ಇರ್ತದ. ಅದು ಸವದಿರೂದಿಲ್ಲ.’

‘ಇವತ್ತ ಕೇಳ್ತೀನಿ ಟೀಚರ್.’

‘ಕೇಳಬ್ಯಾಡ. ನೀ ಕೇಳಿದಿ ಅಂದ್ರ ಮೊದಲನೇ ಸಲ ನಿನಗ ಹೇಳಿದಂಗಾತು. ಎಷ್ಟ ಸಲಕ್ಕ ಹಳದಿ ಆಗ್ತದ ಅಂತ ಯಾರ್ಗೆ ಗೊತ್ತು? ಹಂಗೇನರ ಇದ್ರ ಅಲ್ಲೇ ಹೇಳು ಅಂತ ನಿಮ್ಮವ್ವಗ ಹೇಳು, ಅಷ್ಟ.’

ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಹಾಗೇ ಹೇಳಿದೆ. ಅವ್ವ ಕೇಳಿಸಿಕೊಂಡು ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ಕಸಬರಿಗೆ ಎತ್ತಿಕೊಂಡು ಅಂಗಳಕ್ಕೆ ಹೋದಳು. ಅವಳಲ್ಲಿ ಏನೋ ಇದೆ ಎಂಬುದು ಅದರಿಂದಲೇ ಗೊತ್ತಾಯಿತು. ವಿಚಾರಣೆಯ ದಿನದವರೆಗೆ ಒಂದೇ ಮನೆಯಲ್ಲಿ ಉಂಡು ಮಲಗಿ, ಬಾಯಿಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡೆ. ಮಾತಾಡಿಸಲು ಬಂದ ಇಬ್ಬರು ಮುದುಕಿಯರನ್ನು ‘ಅವ್ವ ಮನ್ಯಾಗಿಲ್ಲ’ ಎಂದು ಸುಳ್ಳು ಹೇಳಿ ಬಾಗಿಲಿನಿಂದಲೇ ಕಳಿಸಿದೆ. ಅವರು ಶಾಪ ಹಾಕುತ್ತಾ ಹೋದರು.

ವಿಚಾರಣೆ ಪ್ರವಾಸಿ ಮಂದಿರದ ಒಂದು ಕೋಣೆಯಲ್ಲಿ. ಸಾಕ್ಷಿಯ ಜೊತೆ ಮನೆಯವರೊಬ್ಬರು ಇರಬಹುದು ಎಂದು ನನ್ನನ್ನು ಬಿಟ್ಟರು. ನಮಗಿಂತ ಮೊದಲು ಒಳಗೆ ಹೋಗಿದ್ದ ಮ್ಯಾನೇಜರು ಹೊರಬರುವಾಗ ಶರ್ಟಿನ ಕಾಲರ್ ಸರಿಮಾಡಿಕೊಳ್ಳುತ್ತಿದ್ದ. ಅವನ ಮುಖ ನೋಡಿದರೆ ದೀಪದ ಬಣ್ಣ ಕೇಳಬೇಕಾಗಿರಲಿಲ್ಲ.

ಅವ್ವ ಕುಳಿತಳು. ಪಟ್ಟಿ ಕಟ್ಟಿದರು. ಶಾಲೆಯದಕ್ಕಿಂತ ದೊಡ್ಡ ಯಂತ್ರ, ದೀಪ ಗೋಡೆಯ ಕಡೆ ಇತ್ತು. ‘ಕಂಡದ್ದನ್ನ ಹೇಳ್ರಿ’ ಎಂದರು ಅಧಿಕಾರಿ. ಅವ್ವ ಅಭ್ಯಾಸದಂತೆ ‘ಅವತ್ತ ಬುಧವಾರ್ರಿ’ ಎಂದು ಶುರುಮಾಡಿದಳು. ಬಾಯಿಪಾಠವೆಲ್ಲ ಹೊರಬಂತು. ಹಳದಿ, ಹಳದಿ, ಉದ್ದಕ್ಕೂ ಹಳದಿ. ಅಧಿಕಾರಿ ತಲೆಯಾಡಿಸಿ ಪಟ್ಟಿ ಬಿಚ್ಚುವಂತೆ ಸಹಾಯಕನಿಗೆ ಸನ್ನೆ ಮಾಡಿದರು.

‘ಇನ್ನೊಂದೈತ್ರಿ’ ಎಂದಳು ಅವ್ವ. ‘ಯಾರ್ಗೂ ಹೇಳಿಲ್ಲ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಸಿಂಚು, ನೀ ಹೊರಗ ಹೋಗ್ತಿಯೇನವಾ?’

ನಾನು ಹೋಗಲಿಲ್ಲ. ಹೋಗಬಹುದಾಗಿತ್ತು ಎಂದು ಈಗ ಅನಿಸುತ್ತದೆ.

ಅವ್ವ ತಡವರಿಸುತ್ತಾ ಹೇಳಿದಳು. ‘ನಾ ಜಾಲರಿ ಹಂತೇಕ ಹೊರಗ ನಿಂತಿದ್ದೆ. ಅವರ ಕೈಬೆರಳ ಜಾಲರಿಯಿಂದ ಹೊರಗ ಬಂದಿದ್ವು. ಸರಪಳಿ ತಡಕ್ಯಾಡಿದ್ರು. ಸರಪಳಿಗೆ ಹಾಕಿದ್ದ ಕೀಲಿ ಸಿಕ್ತು... ಹೊಸಾ ಕೀಲಿರಿ ಅದು, ಮ್ಯಾಲೆ ಅಂಗಡ್ಯಾಗ ಹಾಕಿದ್ದ ಪ್ಲಾಸ್ಟಿಕ್ಕು ಇನ್ನಾ ಹಂಗ ಇತ್ತು. ಅದನ್ನ ಹಿಡದ ಜಗ್ಗಿದ್ರು. ನಾ ಅವರ ಬೆರಳ ಮುಟ್ಟಿದೆ. ಕಣ್ಣ ತೆರದಿದ್ವು, ನನ್ನ ಕಡೀಗೇ ಇದ್ವು... ಅವರಿಗೆ ನಾ ಕಾಣಸಲಿಲ್ರಿ. ಗ್ಯಾಸಿಗೆ ಕಣ್ಣ ಹೋಗಿದ್ವು. ಕೂಗಿದ್ರ ಕೇಳಸಲಿಲ್ಲ, ಒಳಗ ಮಷಿನ್ ಅಷ್ಟ ಒದರತಿತ್ತು. ಮುಟ್ಟಿದ್ದು ನಾನು ಅಂತ ಅವರಿಗೆ ಗೊತ್ತಾಗಲೇ ಇಲ್ಲ.’

ದೀಪ ಹಸಿರಾಗಿತ್ತು. ಯಾವಾಗ ಆಯಿತೋ ನಾನು ನೋಡಲಿಲ್ಲ.

‘ಆಮ್ಯಾಲೆ?’ ಎಂದರು ಅಧಿಕಾರಿ. ಅವರ ದನಿ ಬದಲಾಗಿತ್ತು.

‘ಆಮ್ಯಾಲೆ ಆ ಕಡೆ ತಿರುಗಿ ಮಾಲತೇಶನ್ನ ಕರದ್ರು. ಗ್ವಾಡಿ ಹಿಡಕೊಂಡು ಮಷಿನ್ ಕಡೆ ಹೋದ್ರು. ಅಷ್ಟರಿ.’

‘ಮಗಳ ಬಗ್ಗೆ ಏನೋ ಅಂದ್ರು ಅಂತ ಮೊದಲು ಹೇಳಿದ್ರಿ.’

ಅವ್ವ ನನ್ನ ಕಡೆ ನೋಡಲಿಲ್ಲ. ‘ಇಲ್ರಿ. ಬಂದವರೆಲ್ಲಾ ಕೇಳತಿದ್ರು, ಕಡೀಗೆ ಏನಂದ, ಕಡೀಗೆ ಏನಂದ ಅಂತ. ಹುಡುಗಿ ಅಲ್ಲೇ ಕುಂತಿರತಿತ್ತು. ಅದಕ್ಕ ಹಂಗ ಹೇಳಿದೆ.’

ಅದಕ್ಕೂ ಹಸಿರು.

ಜಗತ್ತಿನಲ್ಲಿ ನಾನು ಸಂಶಯಪಡದೆ ಬಿಟ್ಟ ಮಾತು ಅದೊಂದೇ ಇತ್ತು. ಓದುವಾಗ ನಿದ್ದೆ ಬಂದರೆ ಅದನ್ನೇ ನೆನೆದು ಕಣ್ಣು ತೊಳೆದುಕೊಂಡು ಬಂದು ಕೂಡುತ್ತಿದ್ದ ಮಾತು. ನನಗೆ ಅಳು ಬಂತು, ಅತ್ತೆ. ಅಪ್ಪನ ಹೆಸರು ಉಳಿಯಿತು ಎಂಬ ಸಂತೋಷವೂ ಇತ್ತು, ಸುಳ್ಳು ಹೇಳುವುದಿಲ್ಲ. ಎರಡೂ ಒಟ್ಟಿಗೆ ಇದ್ದವು.

ಅಧಿಕಾರಿ ಆ ಕೀಲಿಯನ್ನು ಯಾವ ಅಂಗಡಿಯಲ್ಲಿ ಯಾರು ಕೊಂಡರು ಎಂದು ಪತ್ತೆ ಮಾಡಲು ಪೊಲೀಸರಿಗೆ ಹೇಳಿದರು. ‘ಕೋರ್ಟಿನ್ಯಾಗ ಇದನ್ನ ಇನ್ನೊಮ್ಮೆ ಹೇಳಬೇಕಾಗ್ತೈತಿ ರತ್ನವ್ವ. ಅಲ್ಲೀ ತನಕ ಯಾರ ಮುಂದೂ ಹೇಳಬ್ಯಾಡ್ರಿ’ ಎಂದರು. ನಮ್ಮ ಪ್ರಾಜೆಕ್ಟನ್ನು ಅವರು ಓದಿದ್ದರು ಎಂದು ನನಗೆ ಆಗ ತಿಳಿಯಿತು.

ದಾರಿಯಲ್ಲಿ ಅವ್ವ ‘ಸಿಟ್ಟ ಬಂತೇನ?’ ಎಂದು ಕೇಳಿದಳು. ಇಲ್ಲ ಎಂದೆ. ಪಟ್ಟಿ ಕಟ್ಟಿದ್ದರೆ ಯಾವ ದೀಪ ಹತ್ತುತ್ತಿತ್ತೋ ಗೊತ್ತಿಲ್ಲ.

ಮನೆಗೆ ಹೋಗದೆ ಅವ್ವ ನೇರ ಶರಣವ್ವನ ಬಾಗಿಲಿಗೆ ಹೋಗಿ ನಿಂತಳು. ಮಾಲತೇಶ ಸತ್ತಾಗ ನಾವು ಮಾತಾಡಿಸಲು ಹೋಗಿರಲಿಲ್ಲ, ನಮ್ಮ ಮನೆಯಲ್ಲೂ ಹೆಣ ಇತ್ತು. ಆಮೇಲೆ ಹೋಗುವ ಮುಖ ಇರಲಿಲ್ಲ. ಶರಣವ್ವ ಒಳಗಿನಿಂದ ನೋಡಿದಳು, ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾವು ಹೊಸ್ತಿಲ ಒಳಗೆ ಕುಳಿತೆವು. ಅವ್ವ ಬಾಯಿ ತೆರೆಯುವುದರೊಳಗೆ ನಾನು ಅವಳ ಕೈ ಹಿಡಿದೆ. ‘ನೀ ಸುಮ್ನಿರು, ನಾ ಹೇಳ್ತೀನಿ. ನಂದ್ ಹೆಂಗಿದ್ರೂ ಕೇಳಿದ್ದು’ ಎಂದೆ.

ಹೇಳಿದೆ. ಸರಪಳಿ, ಹೊಸ ಕೀಲಿ, ಕಾಣದ ಕಣ್ಣು, ಎಲ್ಲ ಹೇಳಿದೆ. ‘ಅಪ್ಪ ಕಡೀಗೆ ಕರದದ್ದು ನಿಮ್ಮ ಮಾಲತೇಶನ್ನ, ದೊಡ್ಡವ್ವ. ನಮ್ಮನ್ಯಾರನ್ನೂ ಕರೀಲಿಲ್ಲ.’

ಶರಣವ್ವ ಗೋಡೆಗೆ ಒರಗಿ ಕುಳಿತಿದ್ದವಳು ಮುಂದಕ್ಕೆ ಸರಿದಳು. ‘ಹೆಂಗ ಕರದ?’ ಎಂದಳು.

ನನಗೆ ಅರ್ಥವಾಗಲಿಲ್ಲ.

‘ಜೋರಾಗಿ ಕರದನೋ, ಮೆಲ್ಲಕ ಕರದನೋ? ನನ ಮಗಗ ಕೇಳಸೂವಂಗ ಕರದನೋ ಇಲ್ಲೋ?’

ಬಂದವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಆ ಕೂಗನ್ನು ನಾನು ಕೇಳಿದವಳಲ್ಲ. ಅವ್ವ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಕುಳಿತಲ್ಲಿಂದಲೇ ಒಳಗಿನ ಕತ್ತಲೆ ಕೋಣೆಯ ಕಡೆ ತಿರುಗಿ, ಅಪ್ಪ ಕರೆದ ಹಾಗೆ, ‘ಮಾಲತೇಶಾ’ ಎಂದು ಗಂಟಲು ಬಿರಿಯುವಂತೆ ಕರೆದಳು.

ಶರಣವ್ವ ಇನ್ನೊಮ್ಮೆ ಕರೆ ಎಂದಳು. ಅವ್ವ ಇನ್ನೊಮ್ಮೆ ಕರೆದಳು. ನಾನು ತಡೆಯಲಿಲ್ಲ.